ಲಾನ್ ಮೋವರ್: ನಮ್ಮ ಸೀಮೆಯ ಅಂಗಳದಲ್ಲಿ ಯಾವುದು ಬಾಳಿಕೆ ಬಂದೀತು?

ಎರಡು ದೊಡ್ಡ ಮಳೆ ಬಿದ್ದು ಗರಿಕೆ ತಲೆಯೆತ್ತಿತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. "ಲಾನ್ ಏನೋ ಹಾಕಿಸೇವ್ರಿ. ಈಗ ಮಷೀನ್ ಯಾವುದು ತಗೊಳ್ಳೋದು ಹೇಳ್ರಿ. ಕೈಲೆ ದೂಡೋದೋ, ಕರೆಂಟಿಂದೋ, ಪೆಟ್ರೋಲಿಂದೋ?" ಅಂಗಡಿಯವರು ಜಾಗದ ಅಳತೆ ಕೇಳಿ ಉತ್ತರ ಕೊಟ್ಟುಬಿಡುತ್ತಾರೆ. ಸಣ್ಣ ಅಂಗಳಕ್ಕೆ ಇದು, ದೊಡ್ಡ ಕಂಪೌಂಡಿಗೆ ಅದು ಅಂತ. ನನ್ನ ಮಟ್ಟಿಗೆ ಅಷ್ಟರಿಂದ ತೀರ್ಮಾನಕ್ಕೆ ಬರಬಾರದು. ಲಾನ್ ಮೋವರ್ ಹಾಳಾಗುವುದು ಹುಲ್ಲು ಕತ್ತರಿಸಿ ಕತ್ತರಿಸಿ ಅಲ್ಲ. ಬಹುಪಾಲು ಮಷೀನುಗಳು ಹಾಳಾಗುವುದು ಮೂಲೆಯಲ್ಲಿ ಸುಮ್ಮನೆ ನಿಂತು.

ನಮ್ಮ ಕಡೆಯ ಲೆಕ್ಕ ನೋಡಿ. ಕಾರ ಹುಣ್ಣಿಮೆಯಿಂದ ದೀಪಾವಳಿವರೆಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಹುಲ್ಲು ಕತ್ತರಿಸಬೇಕಾಗುತ್ತದೆ. ಚಳಿ ಬಿದ್ದ ಮೇಲೆ ಅದರ ಬೆಳವಣಿಗೆ ನಿಧಾನವಾಗುತ್ತದೆ. ಸಂಕ್ರಾಂತಿ ದಾಟಿತೆಂದರೆ, ಬೋರ್‌ವೆಲ್ ನೀರು ಧಾರಾಳ ಇದ್ದವರನ್ನು ಬಿಟ್ಟು ಉಳಿದವರ ಲಾನ್ ಒಣಗಿ ಮಲಗುತ್ತದೆ. ನಲ್ಲಿ ನೀರು ದಿನವೂ ಬಾರದ ಓಣಿಗಳಲ್ಲಿ ಕುಡಿಯುವ ನೀರು ತುಂಬಿಡುವುದೇ ದೊಡ್ಡ ಕೆಲಸ, ಹುಲ್ಲಿಗೆ ಎಲ್ಲಿಂದ ತರುವುದು? ಹಾಗಾಗಿ ವರ್ಷದಲ್ಲಿ ನಾಲ್ಕೈದು ತಿಂಗಳು ಮಷೀನಿಗೆ ಕೆಲಸವೇ ಇರುವುದಿಲ್ಲ. ಆ ತಿಂಗಳುಗಳನ್ನು ಯಾವ ಮಷೀನು ತಾಳಿಕೊಳ್ಳುತ್ತದೆ, ಅದಕ್ಕಾಗಿ ನಿಮ್ಮ ಕೈಯಿಂದ ಏನು ಆರೈಕೆ ಬೇಡುತ್ತದೆ ಎಂಬುದನ್ನು ಮೊದಲು ನೋಡಿ. ಬೆಲೆಯ ಮಾತು ಆಮೇಲೆ.

ಯಾವುದನ್ನು ಇಟ್ಟು ತೂಗಬೇಕು

ಬಿಡುವಿನ ತಿಂಗಳ ಮಾತು ಆಯಿತು. ಎರಡನೆಯದು ನೆಲ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಯಲ್ಲಿ ಉಬ್ಬುವ ಈ ಮಣ್ಣಿನ ಮೇಲೆ ಹಾಸಿದ ಲಾನ್ ಎರಡು ವರ್ಷಕ್ಕೆ ಏರುತಗ್ಗಾಗುತ್ತದೆ. ತಗ್ಗಿಗೆ ಇಳಿದ ಗಾಲಿ ಬ್ಲೇಡನ್ನು ನೆಲಕ್ಕೆ ತಾಗಿಸುತ್ತದೆ. ಹಸಿ ಇದ್ದಾಗ ಮಷೀನಿನ ಹೊಟ್ಟೆಗೆಲ್ಲ ಜಿಗುಟು ಮಣ್ಣು ಮೆತ್ತಿಕೊಳ್ಳುತ್ತದೆ. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು, ಅದರಲ್ಲಿ ಗರಸು. ಅಲ್ಲಿಯ ಶತ್ರು ಸಣ್ಣ ಕಲ್ಲು. ಜೊತೆಗೆ ಧಾರವಾಡಕ್ಕೆ ಜುಲೈ-ಆಗಸ್ಟಿನಲ್ಲಿ ಮಲೆನಾಡಿನ ಸೆರಗಿನ ಜಿಟಿಜಿಟಿ ಮಳೆ. ದಿನಗಟ್ಟಲೆ ಹುಲ್ಲು ಆರುವುದಿಲ್ಲ, ಆರುವ ಹೊತ್ತಿಗೆ ಮೊಣಕಾಲಿನ ಕಡೆ ಹೊರಟಿರುತ್ತದೆ. ಗದಗಿನವರಿಗೆ ಮಳೆ ಕಡಿಮೆ, ಬಿಸಿಲಿನ ಬಿಡುವು ಹೆಚ್ಚು. ಒಂದೇ ಮಷೀನು ಧಾರವಾಡದ ಸಪ್ತಾಪುರದಲ್ಲಿ ಕೈಕೊಟ್ಟು ಗದಗಿನಲ್ಲಿ ಚೆನ್ನಾಗಿ ನಡೆಯುವುದಕ್ಕೆ ಇದೇ ಕಾರಣ.

ಮೂರನೆಯದು ಜಾಗ. ಅದನ್ನು ಚದರಡಿಯಲ್ಲಿ ಯೋಚಿಸುವ ಬದಲು ನಡೆಯುವ ದೂರದಲ್ಲಿ ಯೋಚಿಸಿ. ಒಂದು ಗುಂಟೆ ಎಂದರೆ 1,089 ಚದರಡಿ. 12 ಇಂಚು ಅಗಲ ಕತ್ತರಿಸುವ ಮಷೀನನ್ನು ಅದರ ಮೇಲೆ ಪೂರ್ತಿ ಆಡಿಸಲು, ಸಾಲಿನ ಮೇಲೆ ಸಾಲು ಸ್ವಲ್ಪ ಹತ್ತಿಸುವುದೂ ಸೇರಿ, ಸುಮಾರು 400 ಮೀಟರ್ ತಳ್ಳಬೇಕು. ನಾಲ್ಕು ಗುಂಟೆ ಇದ್ದರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು. 18 ಇಂಚಿನ ಮಷೀನಿಗೆ ಅದೇ ನಾಲ್ಕು ಗುಂಟೆ ಒಂದು ಕಿಲೋಮೀಟರಿನಷ್ಟು. ತಳ್ಳುವವರು ಯಾರು, ಅವರ ವಯಸ್ಸೆಷ್ಟು, ಮೊಣಕಾಲು ಹೇಗಿದೆ ಎಂಬುದನ್ನು ಈ ದೂರಕ್ಕೆ ಹೊಂದಿಸಿ ನೋಡಿ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮಿಕ್ಕ ಜಾಗದಲ್ಲಿ ಲಾನ್ ಹಾಕಿದವರ ನಡಿಗೆ 100 ಮೀಟರ್ ದಾಟುವುದಿಲ್ಲ. ಅಂಥವರಿಗೆ ಪೆಟ್ರೋಲ್ ಮಷೀನಿನ ಮಾತೇ ಬೇಡ.

ನಾಲ್ಕನೆಯದು ರಿಪೇರಿ ಯಾರ ಹತ್ತಿರ ಎಂಬುದು. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಪಂಪ್‌ಸೆಟ್ಟುಗಳ ಸೀಮೆ ಇದು, ಮೋಟರ್ ರಿವೈಂಡಿಂಗ್ ಅಂಗಡಿ ಇಲ್ಲದ ಊರಿಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಲೇತ್ ಕೆಲಸದವರು ಇದ್ದಾರೆ. ಬೈಕ್ ಮೆಕ್ಯಾನಿಕ್ ಪ್ರತಿ ಓಣಿಗೂ ಇದ್ದಾನೆ. ಆದರೆ ಲಾನ್ ಮೋವರಿನದೇ ಮೆಕ್ಯಾನಿಕ್ ಸಿಗುವುದು ಅಪರೂಪ. ಆದ್ದರಿಂದ ಈ ಮೂವರಲ್ಲಿ ಒಬ್ಬರಿಗಾದರೂ ಅರ್ಥವಾಗುವ ಮಷೀನನ್ನೇ ತರಬೇಕು.

ಹಣದ ಮಾತು ಕೊನೆಗೆ ಬರಲಿ, ಆದರೆ ಬೆಲೆ ಮತ್ತು ವರ್ಷದ ಖರ್ಚು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಕೈಯಿಂದ ದೂಡುವ ಸಿಲಿಂಡರ್ ಮಷೀನು

ಎರಡು ಗಾಲಿ, ನಡುವೆ ತಿರುಚಿದ ಐದಾರು ಬ್ಲೇಡುಗಳ ಸುತ್ತು (ಸಿಲಿಂಡರ್ ಎನ್ನುವುದು ಇದಕ್ಕೇ), ಅದರ ಕೆಳಗೆ ಅಲುಗಾಡದ ಒಂದು ಪಟ್ಟಿ ಬ್ಲೇಡು. ಸುತ್ತುವ ಬ್ಲೇಡು ಮತ್ತು ಪಟ್ಟಿಯ ನಡುವೆ ಹುಲ್ಲು ಸಿಕ್ಕು ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸಿ ನಯ ಮಾಡುವ ಗಿರಣಿ ಯಂತ್ರವನ್ನು ನೋಡಿ ಇದನ್ನು ರೂಪಿಸಿ ಪೇಟೆಂಟ್ ಪಡೆದ. ಮೂಲ ವಿನ್ಯಾಸ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಆದ್ದರಿಂದಲೇ ಬಿಚ್ಚಿ ನೋಡಿದರೆ ಯಾವ ಲೇತ್ ಕೆಲಸದವನಿಗಾದರೂ ತಿಳಿಯುತ್ತದೆ.

ಬಿಡುವಿನ ತಿಂಗಳ ಪರೀಕ್ಷೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಒಣ ಅರಿವೆಯಿಂದ ಒರೆಸಿ, ಬ್ಲೇಡಿಗೆಲ್ಲ ತೆಳ್ಳಗೆ ಎಣ್ಣೆ ಹಚ್ಚಿ, ಮಳೆ ಬೀಳದ ಕಡೆ ನಿಲ್ಲಿಸಿದರೆ ಮುಂದಿನ ಮುಂಗಾರಿನವರೆಗೆ ಮರೆತುಬಿಡಬಹುದು. ಎಂಜಿನ್ ಇಲ್ಲ, ಮೋಟರ್ ಇಲ್ಲ, ವೈರಿಲ್ಲ. ಕತ್ತರಿಸಿದ ತುದಿಯೂ ಅಚ್ಚುಕಟ್ಟು, ಹುಲ್ಲಿನ ತುದಿ ಸೀಳಿ ಕಂದುವುದಿಲ್ಲ. ಗರಿಕೆಯ ಜಾತಿಯ ಲಾನನ್ನು ಒಂದು, ಒಂದೂವರೆ ಇಂಚಿಗೆ ಇಟ್ಟುಕೊಳ್ಳುವವರಿಗೆ ಇದರಷ್ಟು ಚಂದ ಬೇರೆ ಯಾವುದೂ ಕತ್ತರಿಸದು.

ಇದು ಬೇಡುವ ಆರೈಕೆ ಒಂದೇ, ಆದರೆ ಅದನ್ನು ತಪ್ಪಿಸುವ ಹಾಗಿಲ್ಲ. ಸುತ್ತುವ ಬ್ಲೇಡು ಮತ್ತು ಕೆಳಗಿನ ಪಟ್ಟಿಯ ನಡುವಿನ ಅಂತರ ಸರಿಯಾಗಿರಬೇಕು. ದಿನಪತ್ರಿಕೆಯ ಪಟ್ಟಿಯೊಂದನ್ನು ಎರಡರ ನಡುವೆ ಹಿಡಿದು ಸಿಲಿಂಡರನ್ನು ಕೋಲಿನಿಂದಲೋ ದಪ್ಪ ಕೈಗವಸು ಹಾಕಿಕೊಂಡೋ ನಿಧಾನ ತಿರುಗಿಸಿ. ಎಡ ತುದಿ, ನಡು, ಬಲ ತುದಿ ಮೂರೂ ಕಡೆ ಕಾಗದ ಸರಕ್ಕನೆ ಕತ್ತರಿಸಬೇಕು. ಎಲ್ಲಾದರೂ ಮಡಚಿಕೊಂಡರೆ ಆ ಬದಿಯ ಸ್ಕ್ರೂ ಪಾನಾದಿಂದ ಚೂರೇ ಚೂರು ತಿರುವಿ ಮತ್ತೆ ನೋಡಿ. ಗಟ್ಟಿಯಾಗಿ ಉಜ್ಜಿ ಕಿರ್ರೆನ್ನುವಷ್ಟು ಬಿಗಿ ಮಾಡಿದರೆ ತಳ್ಳುವುದು ಭಾರವಾಗುತ್ತದೆ, ಬ್ಲೇಡೂ ಬೇಗ ಸವೆಯುತ್ತದೆ.

ಹೊಂದಿಸಿದರೂ ಕಾಗದ ಕತ್ತರಿಸದಿದ್ದರೆ ಮೊನೆ ಹೋಗಿದೆ ಎಂದರ್ಥ. ಬೈಕ್ ಗ್ಯಾರೇಜಿನವರು ವಾಲ್ವ್ ತೀಡಲು ಬಳಸುವ ಗ್ರೈಂಡಿಂಗ್ ಪೇಸ್ಟ್ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಳೆ ಬ್ರಷ್ಷಿನಿಂದ ಬ್ಲೇಡುಗಳ ಅಂಚಿಗೆ ಹಚ್ಚಿ, ಸಿಲಿಂಡರನ್ನು ಉಲ್ಟಾ ದಿಕ್ಕಿಗೆ ಹತ್ತು-ಹದಿನೈದು ನಿಮಿಷ ತಿರುಗಿಸಬೇಕು. ಗಾಲಿ ಬಿಚ್ಚಿ ಅದರ ಒಳಗಿನ ಸಣ್ಣ ಗೇರಿನ ತುದಿಗೆ ಹಿಡಿಕೆ ಸಿಕ್ಕಿಸಿದರೆ ಕೈ ಬ್ಲೇಡಿನಿಂದ ದೂರ ಇರುತ್ತದೆ. ಅಂಚಿನುದ್ದಕ್ಕೂ ಒಂದೇ ಸಮ ಬೂದು ಗೆರೆ ಮೂಡಿತೆಂದರೆ ಕೆಲಸ ಆಯಿತು. ಪೇಸ್ಟನ್ನು ಒಂದು ಕಣವೂ ಉಳಿಯದಂತೆ ತೊಳೆದು, ಒಣಗಿಸಿ, ಎಣ್ಣೆ ಹಾಕಿ, ಮತ್ತೆ ಕಾಗದದ ಪರೀಕ್ಷೆ ಮಾಡಿ. ಉಳಿದ ಪೇಸ್ಟು ಬೇರಿಂಗಿಗೆ ಇಳಿದರೆ ಅದನ್ನೂ ತೀಡಿಹಾಕುತ್ತದೆ. ಕಲ್ಲು ಸಿಕ್ಕು ಹಲ್ಲು ಬಿದ್ದ ಬ್ಲೇಡು ಮಾತ್ರ ಪೇಸ್ಟಿಗೆ ಸರಿಹೋಗುವುದಿಲ್ಲ, ಲೇತಿಗೇ ಒಯ್ಯಬೇಕು.

ಇದರ ಮಿತಿ ಎತ್ತರದ ಹುಲ್ಲು. ಮೂರ್ನಾಲ್ಕು ಇಂಚು ದಾಟಿದರೆ ಹುಲ್ಲು ಬ್ಲೇಡಿಗೆ ಸಿಗದೆ ಮುಂದಕ್ಕೆ ಬಾಗಿ ಮಲಗುತ್ತದೆ. ಹಾಗಾಗಿ ವಾರವಾರ ತಪ್ಪದೆ ಇಳಿಯುವವರಿಗೆ, ಒಂದು ಗುಂಟೆ ಒಳಗಿನವರಿಗೆ, ಗದಗ, ನವಲಗುಂದದಂಥ ಮಳೆ ಕಡಿಮೆ ಇರುವ ಕಡೆಯವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಧಾರವಾಡದ ಮಾಳಮಡ್ಡಿಯ ಹಳೆ ಬಂಗಲೆಯ ದೊಡ್ಡ ಕಂಪೌಂಡಿಗೆ, ಶ್ರಾವಣದ ಮಳೆಗೆ, ಇದೊಂದನ್ನೇ ನೆಚ್ಚುವುದು ಕಷ್ಟ.

ಕರೆಂಟಿನ ಮಷೀನು

ಇದರದು ಬೇರೆಯದೇ ರೀತಿ. ಅಡಿಯಲ್ಲಿ ಒಂದೇ ಉದ್ದನೆಯ ಬ್ಲೇಡು ನಿಮಿಷಕ್ಕೆ ಸುಮಾರು ಮೂರು ಸಾವಿರ ಸುತ್ತು ತಿರುಗುತ್ತ ಹುಲ್ಲನ್ನು ಬೀಸಿ ಹೊಡೆಯುತ್ತದೆ. ಎತ್ತರದ ಹುಲ್ಲಿಗೂ ಅಂಜುವುದಿಲ್ಲ. 1,500 ವಾಟಿನದನ್ನು ಅರ್ಧ ತಾಸು ಓಡಿಸಿದರೆ ಮುಕ್ಕಾಲು ಯೂನಿಟ್, ಕರೆಂಟ್ ಬಿಲ್ಲಿಗೆ ಅದು ಲೆಕ್ಕಕ್ಕೇ ಬಾರದು. ಬಿಡುವಿನ ತಿಂಗಳಲ್ಲೂ ತಕರಾರಿಲ್ಲ: ಹೊಟ್ಟೆ ಕೆರೆದು ಸ್ವಚ್ಛ ಮಾಡಿ, ಒಣಗಿಸಿ, ಇಲಿ ವೈರ್ ಕಡಿಯದ ಕಡೆ ಇಟ್ಟರೆ ಮುಗಿಯಿತು.

ಕೆಟ್ಟರೆ ರಿವೈಂಡಿಂಗ್ ಅಂಗಡಿಯವನಿಗೆ ಇದು ದಿನದ ಕೆಲಸ. ಗುಂಯ್‌ಗುಟ್ಟಿ ತಿರುಗದೆ ನಿಂತರೆ ಬಹಳ ಸಲ ಕೆಪ್ಯಾಸಿಟರ್ ಹೋಗಿರುತ್ತದೆ. ಕಿಡಿ ಹಾರುತ್ತಿದ್ದರೆ ಕಾರ್ಬನ್ ಬ್ರಷ್ ಸವೆದಿರುತ್ತದೆ. ಎರಡೂ ಸಣ್ಣ ಖರ್ಚಿನವು. ಆದರೆ ಕೆಪ್ಯಾಸಿಟರನ್ನು ಮನೆಯಲ್ಲಿ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ನಾನು ಒತ್ತಿ ಹೇಳಬೇಕಾದದ್ದು ಮಷೀನಿನ ಆರೈಕೆಯ ಮಾತಲ್ಲ, ಮನೆಯ ವೈರಿಂಗಿನದು. ಹಸಿ ಹುಲ್ಲಿನ ಮೇಲೆ, ಬರಿಗಾಲಿನ ರೂಢಿಯ ಮನೆಗಳಲ್ಲಿ ಇದನ್ನು ಓಡಿಸುವುದು. ಕರೆಂಟ್ ಸೋರಿದೊಡನೆ ಸಪ್ಲೈ ಕಡಿದುಬಿಡುವ ಸ್ವಿಚ್, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಗೆ ಇದನ್ನು ತರಲೇಬೇಡಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಅರ್ಥಿಂಗ್ ವಿಷಯದಲ್ಲಿ ಎರೆಮಣ್ಣು ಒಂದು ತೊಂದರೆ ಕೊಡುತ್ತದೆ. ಬೇಸಿಗೆಯಲ್ಲಿ ಅದು ಒಣಗಿ ಬಿರುಕು ಬಿಟ್ಟು ಅರ್ಥಿಂಗ್ ರಾಡಿನಿಂದ ಬಿಟ್ಟುಕೊಳ್ಳುತ್ತದೆ, ಒಣ ಮಣ್ಣಿನಲ್ಲಿ ಕರೆಂಟ್ ನೆಲಕ್ಕೆ ಇಳಿಯುವುದೂ ಕಷ್ಟ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯುವುದು ಹಿರಿಯರ ರೂಢಿ, ಅದನ್ನು ಬಿಡಬಾರದು. ಎಕ್ಸ್‌ಟೆನ್ಶನ್ ವೈರ್ ತೆಳುವಿನದು ಬೇಡ, ಮೂರು ಕೋರಿನ 1.5 ಚದರ ಮಿಲಿಮೀಟರಿನದು ತನ್ನಿ. ಸುರುಳಿಯಲ್ಲೇ ಬಿಟ್ಟು ಓಡಿಸಿದರೆ ವೈರ್ ಕಾಯ್ದು ಕರಗುತ್ತದೆ, ಪೂರ್ತಿ ಬಿಚ್ಚಿ ಹಾಕಿ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡು, ಪ್ಲಗ್ಗಿನ ಕಡೆಯಿಂದ ದೂರಕ್ಕೆ ಕತ್ತರಿಸುತ್ತ ಹೋದರೆ ಅದು ಬ್ಲೇಡಿಗೆ ಸಿಗುವುದಿಲ್ಲ. ಮಷೀನನ್ನು ಪೈಪಿನ ನೀರಿನಿಂದ ತೊಳೆಯಬಾರದು. ಪ್ಲಗ್ ತೆಗೆದು, ಮಗ್ಗಲಿಗೆ ಹೊರಳಿಸಿ, ಕಟ್ಟಿಗೆಯ ಚಕ್ಕೆಯಿಂದ ಕೆರೆಯಿರಿ.

ಪ್ಲಗ್ಗಿನಿಂದ 30 ಮೀಟರಿನ ಒಳಗೆ ಮುಗಿಯುವ, ಒಂದರಿಂದ ಎರಡು ಗುಂಟೆಯ ಲಾನ್ ಇರುವ, ಹೊಸ ವೈರಿಂಗಿನ ಮನೆಗೆ ಇದು ಹೇಳಿ ಮಾಡಿಸಿದ್ದು. ನಡುವೆ ಮಾವು, ತೆಂಗು, ಕರಿಬೇವು ಹತ್ತಾರು ಗಿಡಗಳಿದ್ದರೆ ವೈರ್ ಬಿಡಿಸುವುದರಲ್ಲೇ ಬೆಳಗು ಕಳೆಯುತ್ತದೆ.

ಪೆಟ್ರೋಲ್ ಮಷೀನು

ಶಕ್ತಿ ಬೇಕಾದವರು ಇದಕ್ಕೇ ಬರಬೇಕು. ನಾಲ್ಕೈದು ಗುಂಟೆ, ಗಿಡಮರ, ಎತ್ತರದ ಹುಲ್ಲು, ಎಲ್ಲಕ್ಕೂ ಸೈ. ಆದರೆ ಬಿಡುವಿನ ತಿಂಗಳು ಇದಕ್ಕೆ ವಿಷ, ಮತ್ತು ಜನ ಇದನ್ನೇ ಗಮನಿಸುವುದಿಲ್ಲ.

ಕೆಡುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನಲ್ಲಿ. ಪೆಟ್ರೋಲು ಒಂದು ತಿಂಗಳು ನಿಂತರೆ ಹಳಸುತ್ತದೆ, ಹಗುರ ಅಂಶ ಆರಿ ಅಂಟು ಉಳಿದು ಜೆಟ್ಟಿನ ಕೂದಲೆಳೆಯಂಥ ತೂತು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುವ ದ್ರವ. ನಿಂತ ಟ್ಯಾಂಕಿನಲ್ಲಿ ನೀರು ಸೇರಿ ತುಕ್ಕು ಹಿಡಿಸುತ್ತದೆ, ಹಳೆ ಎಂಜಿನ್ನಿನ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಮೇ ತಿಂಗಳ ಕೊನೆಗೆ "ಹಗ್ಗ ಜಗ್ಗಿ ಜಗ್ಗಿ ಕೈ ಬಿದ್ದು ಹೋತ್ರಿ, ಸ್ಟಾರ್ಟೇ ಆಗವಲ್ದು" ಎಂಬ ದೂರು ಬರುವುದು ಇದರಿಂದಲೇ. ಉಪಾಯ ಸರಳ. ವರ್ಷದ ಕೊನೆಯ ಕತ್ತರಿಕೆ ಆದ ಮೇಲೆ ಟ್ಯಾಂಕಿನ ಪೆಟ್ರೋಲನ್ನು ತೆಗೆದು ಬೈಕಿಗೆ ಹಾಕಿಕೊಳ್ಳಿ, ನಂತರ ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ. ಪೆಟ್ರೋಲನ್ನು ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಆ ವಾರಕ್ಕೆ ಬೇಕಾದಷ್ಟೇ ತನ್ನಿ. ಹೊಸ ಮಷೀನು ಕೊಳ್ಳುವಾಗ ಅದು ಇ20 (ಶೇ 20 ಎಥೆನಾಲ್ ಬೆರೆತ) ಪೆಟ್ರೋಲಿಗೆ ತಕ್ಕದ್ದೇ ಎಂದು ಪುಸ್ತಕದಲ್ಲೇ ನೋಡಿ, ಅಂಗಡಿಯವರ ಬಾಯಿಮಾತು ಸಾಲದು.

ಎಣ್ಣೆಯ ವಿಷಯದಲ್ಲಿ ಪುಸ್ತಕದ ಲೆಕ್ಕವನ್ನು ನಮ್ಮ ಸೀಮೆಗೆ ಹೊಂದಿಸಿಕೊಳ್ಳಬೇಕು. ಮೊದಲ 5 ತಾಸಿನ ನಂತರ ಒಮ್ಮೆ, ಆಮೇಲೆ 50 ತಾಸಿಗೊಮ್ಮೆ ಎಂಜಿನ್ ಎಣ್ಣೆ ಬದಲಿಸಿ ಎಂದು ಹಲವು ಪುಸ್ತಕಗಳಲ್ಲಿ ಇರುತ್ತದೆ. ನಾಲ್ಕು ಗುಂಟೆಗೆ ಪ್ರತಿ ಸಲ ಮುಕ್ಕಾಲು ತಾಸು, ಮಳೆಗಾಲಕ್ಕೆ ಹದಿನೆಂಟು ಸಲ ಎಂದರೂ ವರ್ಷಕ್ಕೆ ಆಗುವುದು ಹದಿಮೂರು-ಹದಿನಾಲ್ಕು ತಾಸು. 50 ತಾಸು ತುಂಬಲಿ ಎಂದು ಕಾದರೆ ಅದೇ ಎಣ್ಣೆ ಮೂರು-ನಾಲ್ಕು ವರ್ಷ ಒಳಗೇ ಕೂತಿರುತ್ತದೆ. ತಾಸಿನ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಬದಲಿಸಿ. ಬೇಕಾಗುವುದು ಸುಮಾರು ಅರ್ಧ ಲೀಟರ್, ಹಾಗಾಗಿ ದೊಡ್ಡ ಖರ್ಚಲ್ಲ. ಮಹಾನವಮಿಯ ಖಂಡೆ ಪೂಜೆಗೆ ಹೇಗೂ ಮನೆಯ ಆಯುಧಗಳನ್ನೆಲ್ಲ ಹೊರತೆಗೆದು ಒರೆಸುತ್ತೇವೆ. ಎಣ್ಣೆ ಬದಲಿಸುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಬ್ರಷ್ಷಿನಿಂದ ಉಜ್ಜುವುದು, ಏರ್ ಫಿಲ್ಟರ್ ನೋಡುವುದು, ಮೂರಕ್ಕೂ ಅದೇ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ. ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎರಡು ಹನಿ ಎಂಜಿನ್ ಎಣ್ಣೆ ಹಿಂಡಿ ಹಾಕಿ. ಕಾಗದದ್ದಾದರೆ ನೀರು ತಾಗಿಸಬೇಡಿ, ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ನಮ್ಮ ಕೆಂಪು ಧೂಳಿಗೆ ಫಿಲ್ಟರನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಲದು, ಒಣ ದಿನಗಳಲ್ಲಿ ನಾಲ್ಕು ಸಲ ಕತ್ತರಿಸಿದ ಮೇಲೆ ಒಮ್ಮೆ ತೆಗೆದು ನೋಡಿ.

ಅಡಿಯ ಕೆಲಸಕ್ಕೆ ಮಷೀನನ್ನು ಹೊರಳಿಸುವಾಗ ಎರಡು ಎಚ್ಚರ. ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತು ದೂರ ಸರಿಸಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಲ್ಲದು, ಬೆರಳು ಹೋದವರಿದ್ದಾರೆ. ಎರಡನೆಯದು, ಏರ್ ಫಿಲ್ಟರ್ ಇರುವ ಬದಿ ಮೇಲಾಗುವಂತೆ ಹೊರಳಿಸಿ. ಅದು ಕೆಳಗಾದರೆ ಎಣ್ಣೆ ಫಿಲ್ಟರಿಗೆ ನುಗ್ಗಿ ಮುಂದೆ ಎರಡು ದಿನ ಬಿಳಿ ಹೊಗೆ.

ಕಾರ್ಬೊರೇಟರ್, ಪ್ಲಗ್, ಫಿಲ್ಟರ್ ಬೈಕ್ ಮೆಕ್ಯಾನಿಕ್‌ಗೆ ಗೊತ್ತಿರುವ ಭಾಷೆಯೇ. ಆದರೆ ಬ್ಲೇಡು ಬಂಡೆಗೆ ಬಡಿದು ಎಂಜಿನ್ ತಟ್ಟನೆ ನಿಂತು, ಮತ್ತೆ ಹೊತ್ತದಿದ್ದರೆ, ಫ್ಲೈವೀಲಿನ (ಎಂಜಿನ್ನಿನ ಭಾರದ ಚಕ್ರದ) ಸಣ್ಣ ಕೀ ತುಂಡಾಗಿರಬಹುದು ಎಂದು ಅವನಿಗೆ ನೀವೇ ಹೇಳಿ. ಎಂಜಿನ್ ಉಳಿಯಲೆಂದೇ ಅದನ್ನು ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಬದಲಿಗೆ ಗಟ್ಟಿ ಉಕ್ಕಿನದನ್ನು ಲೇತಿನಲ್ಲಿ ಮಾಡಿಸಿ ಹಾಕಿದರೆ ಮುಂದಿನ ಕಲ್ಲಿಗೆ ಕ್ರ್ಯಾಂಕೇ ಬಾಗುತ್ತದೆ.

ಬ್ಲೇಡಿನ ಮಾತು, ಕರೆಂಟಿಗೂ ಪೆಟ್ರೋಲಿಗೂ

ಲಾನಿನ ತುದಿಗಳು ಕತ್ತರಿಸಿದ ಮಾರನೆಯ ದಿನ ಬಿಳಿಚಿ ಕಂಡರೆ ಬ್ಲೇಡು ಮೊಂಡಾಗಿದೆ. ಮುಂಗಾರಿಗೆ ಮುಂಚೆ ಒಮ್ಮೆ, ಪಂಚಮಿಯ ಹೊತ್ತಿಗೆ ಇನ್ನೊಮ್ಮೆ ಮೊನೆ ಮಾಡಿದರೆ ಮನೆಯ ಲಾನಿಗೆ ಸಾಕು. ಬಿಚ್ಚುವ ಮೊದಲು ನೆಲದ ಕಡೆಯ ಮೈಗೆ ಬಣ್ಣದ ಗುರುತು ಹಾಕಿ, ಉಲ್ಟಾ ಕೂಡಿಸಿದರೆ ಹುಲ್ಲೇ ಕತ್ತರಿಸದು. ಕಬ್ಬಿಣ ತೀಡುವ ಅರದಿಂದ ಇಳಿಜಾರು ಇರುವ ಬದಿಯನ್ನಷ್ಟೇ, ಮೊದಲಿದ್ದ ಕೋನದಲ್ಲೇ ತೀಡಿ. ಗ್ರೈಂಡರ್ ಹಿಡಿದರೆ ಅಂಚು ಕಾಯ್ದು ನೀಲಿಯಾಗಿ ಹದ ಹೋಗುತ್ತದೆ. ಆಮೇಲೆ ಬ್ಲೇಡಿನ ನಡುತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಅಡ್ಡ ನಿಲ್ಲಿಸಿ ನೋಡಿ. ಯಾವ ತುದಿ ಬಾಗುತ್ತದೋ ಅದು ಭಾರ, ಅದನ್ನೇ ಇನ್ನಷ್ಟು ತೀಡಬೇಕು. ತೂಕ ತಪ್ಪಿದ ಬ್ಲೇಡು ಇಡೀ ಮಷೀನನ್ನು ನಡುಗಿಸಿ ಬೇರಿಂಗ್ ತಿನ್ನುತ್ತದೆ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಅದು ಓಡುವಾಗ ಬಿಚ್ಚಿ ಹಾರಿದರೆ ಎದುರಿಗಿದ್ದವರ ಕಾಲು ಹೋಗುತ್ತದೆ. ಹೊಸದನ್ನೇ ಹಾಕಿಸಿ.

ಉಳಿದವು

ಬ್ಯಾಟರಿ ಮಷೀನು ಹಗುರ, ಸದ್ದು ಕಡಿಮೆ, ವೈರಿನ ಅಪಾಯವಿಲ್ಲ. ಬ್ಲೇಡಿನ ಆರೈಕೆ ಮೇಲೆ ಹೇಳಿದ್ದೇ. ಬ್ಯಾಟರಿಯನ್ನು ಮಾತ್ರ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಬಿಡಬಾರದು, ಅರ್ಧ ಚಾರ್ಜಿನಲ್ಲಿ ಮನೆಯೊಳಗಿನ ತಂಪು ಕಪಾಟಿನಲ್ಲಿ ಇಟ್ಟು ಎರಡು-ಮೂರು ತಿಂಗಳಿಗೊಮ್ಮೆ ನೋಡಬೇಕು. ಬ್ಯಾಟರಿ ದಣಿದ ದಿನ ಹೊಸದಕ್ಕೆ ಬೀಳುವ ದುಡ್ಡು ದೊಡ್ಡದು, ಓಣಿಯ ಯಾವ ಅಂಗಡಿಯೂ ಅದನ್ನು ರಿಪೇರಿ ಮಾಡದು. ಆ ಕಂಪನಿಯ ಬಿಡಿಭಾಗ ಹುಬ್ಬಳ್ಳಿಯಲ್ಲೇ ಸಿಗುತ್ತದೆ ಎಂದು ಖಾತ್ರಿಯಾದರೆ, ಕೈಯಲ್ಲಿ ಹಣವೂ ಇದ್ದರೆ, ವಯಸ್ಸಾದವರ ಮನೆಗೆ ಇದೇ ಒಳ್ಳೆಯದು.

ಬ್ರಷ್ ಕಟರ್ ಬಗ್ಗೆಯೂ ಕೇಳುತ್ತಾರೆ, ರೈತರ ಮನೆಯಲ್ಲಿ ಹೇಗೂ ಇರುತ್ತದಲ್ಲ ಎಂದು. ಕಾಂಗ್ರೆಸ್ ಕಸ, ಬದುವಿನ ಹುಲ್ಲು, ಕಂಪೌಂಡ್ ಗೋಡೆಯ ಅಂಚಿಗೆ ಅದು ಬೇಕೇ ಬೇಕು. ಲಾನಿಗೆ ಅದು ತಕ್ಕದ್ದಲ್ಲ, ಎಷ್ಟು ಕೈಪಳಗಿದವರು ಹಿಡಿದರೂ ಏರುತಗ್ಗು ಉಳಿಯುತ್ತದೆ. ಟೂ-ಸ್ಟ್ರೋಕ್ ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು: 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದರೆ 40. ಯಾವುದು ಎಂಬುದು ಪುಸ್ತಕದಲ್ಲಿದ್ದಂತೆ. ಎಣ್ಣೆ ಬೆರೆಸದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುವುದು ಖಂಡಿತ. ಕಲ್ಲು ದೂರ ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ ಬೇಕು, ಹುಡುಗರು ಹದಿನೈದು ಮೀಟರ್ ಆಚೆ ಇರಬೇಕು.

ಮಷೀನು ಕೊಳ್ಳದೆ, ತನ್ನದೇ ಮಷೀನು ತರುವ ಮಾಲಿಯನ್ನು ಕರೆಸುವುದೂ ಒಂದು ದಾರಿ. ಸಂಕೋಚ ಪಡಬೇಕಾದ ದಾರಿ ಅಲ್ಲ. ಅರ್ಧ ಗುಂಟೆಯ ಲಾನಿಗೆ, ಊರಲ್ಲಿ ಹೆಚ್ಚು ದಿನ ಇಲ್ಲದವರಿಗೆ ಇದೇ ಸರಿ. ಅವರ ಬ್ಲೇಡು ದಿನಕ್ಕೆ ಐದಾರು ಕಂಪೌಂಡಿನ ಕಲ್ಲು ತಿಂದಿರುತ್ತದೆ, ಮೊನೆ ಮಾಡಿಸಿ ತರಲು ಹೇಳಿ, ಅದಕ್ಕೆ ಬೇರೆ ದುಡ್ಡು ಕೊಡಿ. ಬೇರೆ ಅಂಗಳದ ಕಾಂಗ್ರೆಸ್ ಕಸದ ಬೀಜವೂ ಮಷೀನಿನ ಹೊಟ್ಟೆಯಲ್ಲಿ ಬರುತ್ತದೆ. ನಿಮ್ಮ ಗೇಟಿನ ಹೊರಗೇ ಕೆರೆಸಿ ಒಳಗೆ ಬಿಟ್ಟುಕೊಳ್ಳಿ.

ನಿಮ್ಮ ಮನೆಗೆ ಯಾವುದು

ಬೆಲೆಯ ಅಂದಾಜು ಬೇಕಾದರೆ: ಕೈಯಿಂದ ದೂಡುವುದು ಹತ್ತು ಸಾವಿರದ ಆಸುಪಾಸು, ಕರೆಂಟಿನದು ಅದರಿಂದ ಇಪ್ಪತ್ತು ಸಾವಿರದವರೆಗೆ, ಪೆಟ್ರೋಲಿನದೂ ಬ್ಯಾಟರಿಯದೂ ಅದಕ್ಕಿಂತ ಮೇಲೆ, ಕಂಪನಿಯ ಹೆಸರು ನೋಡಿ ಎಷ್ಟಕ್ಕೂ ಹೋಗುತ್ತದೆ. ವರ್ಷದ ಖರ್ಚಿನಲ್ಲಿ ಮೊದಲ ಎರಡು ಹತ್ತಿರ ಹತ್ತಿರ. ಪೆಟ್ರೋಲಿನದು ಎಣ್ಣೆ, ಪ್ಲಗ್, ಫಿಲ್ಟರ್, ಇಂಧನ ಸೇರಿ ಬೇಗ ಏರುತ್ತದೆ.

ನವನಗರದಂಥ ಬಡಾವಣೆಯ ಸಣ್ಣ ಲಾನ್, ಭಾನುವಾರ ಬೆಳಿಗ್ಗೆ ತಾವೇ ಇಳಿಯುವ ಉಮೇದು, ಇದ್ದರೆ ಸಿಲಿಂಡರ್ ಮಷೀನು. ಅಷ್ಟೇ ಜಾಗ, ಆದರೆ ಎರಡು-ಮೂರು ವಾರಕ್ಕೊಮ್ಮೆ ಮಾತ್ರ ಪುರಸೊತ್ತು ಎಂದರೆ ಕರೆಂಟಿನದು, ಮೊದಲು ಆರ್‌ಸಿಸಿಬಿ ಹಾಕಿಸಿ. ಧಾರವಾಡದ ಹಳೆ ಕಂಪೌಂಡು, ಗಿಡಮರ, ಜಿಟಿಜಿಟಿ ಮಳೆ ಎಂದರೆ ಪೆಟ್ರೋಲಿನದೇ, ಆದರೆ ಟ್ಯಾಂಕ್ ಬರಿದು ಮಾಡುವ ಶಿಸ್ತು ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಆ ಶಿಸ್ತು ಇಲ್ಲವೆಂದು ನಿಮಗೇ ಗೊತ್ತಿದ್ದರೆ ಆ ದುಡ್ಡಿನಲ್ಲಿ ಎಷ್ಟೋ ಮಳೆಗಾಲ ಮಾಲಿಯನ್ನು ಕರೆಸಬಹುದು. ನಾಲ್ಕು ಮನೆ ಕೂಡಿ ಒಂದು ಪೆಟ್ರೋಲ್ ಮಷೀನು ತರುವ ಆಲೋಚನೆಯೂ ಒಳ್ಳೆಯದು, ಒಂದೇ ಷರತ್ತು: ಅದರ ಎಣ್ಣೆ-ಬ್ಲೇಡಿನ ಜವಾಬ್ದಾರಿ ಒಬ್ಬರದೇ ಇರಲಿ, ಖರ್ಚು ಎಲ್ಲರೂ ಹಂಚಿಕೊಳ್ಳಲಿ. ನಾಲ್ವರ ಜವಾಬ್ದಾರಿ ಎಂದಾದರೆ ಯಾರೂ ಏರ್ ಫಿಲ್ಟರ್ ತೆಗೆದು ನೋಡುವುದಿಲ್ಲ.

ಯಾವುದನ್ನೇ ಆರಿಸಿದರೂ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಸಲ ಕತ್ತರಿಸಬೇಡಿ, ಅದು ಹುಲ್ಲಿಗೂ ಮೋಟರಿಗೂ ಹಿತ. ಹೆಜ್ಜೆಯೂರಿದರೆ ಕುಳಿ ಬೀಳುವಷ್ಟು ಎರೆಮಣ್ಣು ಹಸಿ ಇದ್ದಾಗ ಗೇಟು ದಾಟಿಸಬೇಡಿ. ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಮೂರು ಕೆಲಸ ಮಾಡಿಸಿ: ಬ್ಲೇಡಿನ ಬೋಲ್ಟು ಯಾವ ಪಾನಾದಿಂದ ಬಿಚ್ಚುತ್ತದೆ ಎಂದು ನಿಮ್ಮ ಎದುರಿಗೇ ಬಿಚ್ಚಿಸಿ ನೋಡಿ, ಅದೇ ಮಾಡೆಲ್ಲಿನ ಇನ್ನೊಂದು ಬ್ಲೇಡು ಅಂಗಡಿಯಲ್ಲೇ ಇದ್ದರೆ ಅದನ್ನೂ ಕೂಡಿಸಿ ಬಿಲ್ ಮಾಡಿಸಿ, ಮಷೀನಿನ ಪುಸ್ತಕ ಡಬ್ಬಿಯಲ್ಲಿದೆಯೇ ಎಂದು ತೆಗೆಸಿ ನೋಡಿ.